ಹಸಿರು ಒತ್ತುವ ಸೋಮವಾರ

ನಮ್ಮ ಪ್ರಾಜೆಕ್ಟ್ ಮ್ಯಾನೇಜರನ್ನು ಆಫೀಸಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ವಯಸ್ಸಿಗಿಂತ ಹೆಚ್ಚಾಗಿ ಅವರ ಬೈಗುಳಕ್ಕೆ ಸಂದ ಮರ್ಯಾದೆ ಅದು. ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡ ಅವರ ಹೆಗಲ ಮೇಲಿತ್ತು. ಅದಕ್ಕೆ ಸಾಮಾನು ತರಿಸಿಕೊಡುವ ಕೆಲಸ ನನ್ನದು.

ಸೋಮವಾರದ ಮೀಟಿಂಗಿನಲ್ಲಿ ಪ್ರತಿ ಕೆಲಸಕ್ಕೂ ಪರದೆಯ ಮೇಲೆ ಒಂದು ಬಣ್ಣ. ಸರಿಯಾಗಿ ನಡೆದಿದ್ದರೆ ಹಸಿರು, ಸಣ್ಣ ತೊಡಕಿದ್ದರೆ ಹಳದಿ, ನಿಂತುಹೋಗಿದ್ದರೆ ಕೆಂಪು. ಕೆಂಪು ಹಾಕಿದವರು ಎದ್ದು ನಿಂತು ದೊಡ್ಡ ಸಾಹೇಬರಿಗೆ ಉತ್ತರ ಕೊಡಬೇಕು. ಯಾರಿಗೆ ಬೇಕು ಆ ಗ್ರಹಚಾರ? ಹೇಗೂ ವಾರದೊಳಗೆ ಮುಗಿಸಿದರಾಯಿತು ಎಂದುಕೊಂಡು ಎಲ್ಲರೂ ಹಸಿರೇ ಒತ್ತುತ್ತಿದ್ದರು. ಈಚೆಗೆ, ಕೆಲಸ ಯಾವಾಗ ಮುಗಿಯುತ್ತದೆಂದು ಮೊದಲೇ ಹೇಳುವ ಎಐ ಬೇರೆ ಬಂದಿತ್ತು. ಅದೂ ಈ ಬಣ್ಣಗಳನ್ನು ನೋಡಿಯೇ ಭವಿಷ್ಯ ನುಡಿಯುತ್ತಿತ್ತು. ನಮ್ಮ ಸುಳ್ಳನ್ನೇ ನಮಗೆ ಬಡಿಸುತ್ತಿತ್ತು ಅನ್ನಿ. ಸಾಹೇಬರು ಅದನ್ನು ನಂಬಿ ಉದ್ಘಾಟನೆಗೆ ದಿನ ಗೊತ್ತುಮಾಡಿದರು.

ಪರದೆಯ ತುಂಬ ಹಸಿರು ನೋಡಿ ನೋಡಿ ಅಕ್ಕನಿಗೆ ಸಂಶಯ ಬಂತು. ನನ್ನನ್ನೂ ಎಳೆದುಕೊಂಡು ಕಟ್ಟಡಕ್ಕೆ ಹೋದರು. ತೀವ್ರ ನಿಗಾ ಕೋಣೆಯ ಹಾಸಿಗೆಗಳ ಹಿಂದೆ ಆಕ್ಸಿಜನ್ ಪೈಪುಗಳು ಹೊಳೆಯುತ್ತಿದ್ದವು. ಸೋರಿಕೆ ಪರೀಕ್ಷೆ ಮಾತ್ರ ಆಗಿರಲಿಲ್ಲ. ಕೇಳಿದ್ದಕ್ಕೆ ಪೈಪಿನ ಮೇಸ್ತ್ರಿ, ಕೆಂಪು ಹಾಕಲು ಹೆದರಿ ಹಸಿರು ಒತ್ತಿದೆ ಎಂದ. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಅವತ್ತು ಬೈಯಲೇ ಇಲ್ಲ. ಇವನನ್ನು ಇಷ್ಟು ಹೆದರಿಸಿಟ್ಟವರು ನಾವೇ ಅಲ್ಲವೇ ಎಂದರು.

ಸೋಮವಾರ ಅವರೇ ಇಡೀ ಕಟ್ಟಡಕ್ಕೆ ಕೆಂಪು ಹಾಕಿ ಎದ್ದು ನಿಂತರು. ಸದ್ಯಕ್ಕೆ ಹಳದಿ ಮಾಡಿ, ಹಳೇ ಕಟ್ಟಡದ ಮಕ್ಕಳನ್ನು ಕರೆತಂದು ಉದ್ಘಾಟನೆ ಮುಗಿಸೋಣ, ಪರೀಕ್ಷೆ ಆಮೇಲೆ ನೋಡೋಣ ಎಂದು ಸಾಹೇಬರು ಮೆತ್ತಗೆ ಹೇಳಿದರು.

"ಮಕ್ಕಳು ಉಸಿರಾಡೋ ಪೈಪು ಸಾರ್ ಅದು. ಹಳದಿ ಮಾಡಲ್ಲ."

ಸಂಜೆಯೊಳಗೆ ಅಕ್ಕನನ್ನು ಪ್ರಾಜೆಕ್ಟಿನಿಂದ ತೆಗೆದರು. ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಮರಳಿದೆವು.

ಮರುವಾರ ಹೊಸ ಮ್ಯಾನೇಜರು ಬಂದರು. ಅಷ್ಟರಲ್ಲಿ ಸಾಹೇಬರು ಪರದೆಯನ್ನು ಮತ್ತೆ ಹಸಿರು ಮಾಡಿಸಿದ್ದರು. ಮೀಟಿಂಗಿನಲ್ಲಿ ಎಲ್ಲ ಸರಿ ತಾನೇ ಎಂದು ಹೊಸಬರು ಕೇಳುತ್ತಿದ್ದಂತೆ ಪೈಪಿನ ಮೇಸ್ತ್ರಿ ಎದ್ದು ನಿಂತ.

"ನಂದು ಕೆಂಪು ಸಾರ್."

ಅವನ ಹಿಂದೆ ಲಿಫ್ಟಿನವನು ಎದ್ದ. ಆಮೇಲೆ ಕರೆಂಟಿನ ಕೆಲಸದವನೂ ಎದ್ದ. ನನ್ನ ಕಣ್ಣು ತುಂಬಿ ಬಂತು. ಇಷ್ಟು ಜನರನ್ನು ದಾಟಿಕೊಂಡು ಹೋಗುವುದು ಸಾಹೇಬರಿಗೂ ಆಗಲಿಲ್ಲ. ಉದ್ಘಾಟನೆ ಮುಂದಕ್ಕೆ ಹೋಯಿತು.

ಪರೀಕ್ಷೆ ಮುಗಿದ ದಿನ ಅಕ್ಕನಿಗೆ ಫೋನ್ ಮಾಡಿದೆ. ಕಿಟಕಿ ಪಕ್ಕದ ಹಾಸಿಗೆಯ ಹಿಂದೆ ಪೈಪು ಸೋರುತ್ತಿತ್ತು, ಈಗ ಸರಿಮಾಡಿದ್ದಾರೆ ಎಂದೆ. ಅಕ್ಕ ಪೈಪಿನ ಮಾತು ಬಿಟ್ಟು ಬೇರೆಯೇ ಕೇಳಿದರು.

"ಮೇಸ್ತ್ರಿಗೆ ಯಾರೂ ಬೈಲಿಲ್ಲ ತಾನೇ?"

"ಇಲ್ಲಕ್ಕ."

"ಹಾಗಾದ್ರೆ ಇನ್ಮುಂದೆ ನಿಜ ಹೇಳ್ತಾನೆ ಬಿಡು."