ಭೂಪದಿಂದ ಮತ್ತೆ ಶುರು

ಆ ಸಂಜೆ ಕೆಟ್ಟಿರುವುದು ಟೇಪ್‌ರೆಕಾರ್ಡರ್ ಎಂದೇ ತಿಳಿದಿದ್ದೆ. ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಎಂದಿನಂತೆ ಒಂದು ಕ್ಯಾಸೆಟ್ ಹಾಕಿದರೆ ಗಾಯಕರ ಧ್ವನಿ ಒಡೆದು ಬರುತ್ತಿತ್ತು. ಹಿಂದಿನ ತಂಬೂರಿ ಇಲ್ಲವೇ ಇಲ್ಲ. ಟೇಪಿನ ಹೆಡ್ಡನ್ನು ಹತ್ತಿಯಿಂದ ಒರೆಸಿದೆ. ಬೇರೆ ಕ್ಯಾಸೆಟ್ ಹಾಕಿದೆ. ಅದೂ ಹಾಗೇ. ಅಡುಗೆಮನೆಯಲ್ಲಿದ್ದ ನಮ್ಮ ಯಜಮಾನರನ್ನು ಕರೆದೆ. ಅವರು ಸ್ವಲ್ಪ ಹೊತ್ತು ನಿಂತು ಕೇಳಿ, ಚೆನ್ನಾಗೇ ಬರ್ತಿದೆಯಲ್ಲ ಅಂದರು. ಅದನ್ನೂ ಅವರು ಮತ್ತೊಮ್ಮೆ ಹೇಳಬೇಕಾಯಿತು. ಮೊದಲ ಸಲ ಹೇಳಿದ್ದು ನನಗೆ ಕೇಳಿಸಿರಲಿಲ್ಲ.

ನಮ್ಮದು ಶಿಕಾರಿಪುರದಲ್ಲಿ ಸೀರೆ ಅಂಗಡಿ. ಮನೆಯವರು ಮಾಲು ತರಲು ಹುಬ್ಬಳ್ಳಿಗೆ ಹೋದಾಗಲೆಲ್ಲ ಹಿಂದೂಸ್ತಾನಿ ಗಾಯನದ ಕ್ಯಾಸೆಟ್ ತರಲು ಹೇಳುತ್ತಿದ್ದೆ. ಪೇಟೆಯಲ್ಲಿ ಸಿಗದ್ದನ್ನು ರೇಡಿಯೊದಿಂದ ನಾನೇ ತುಂಬಿಕೊಳ್ಳುತ್ತಿದ್ದೆ. ರೆಕಾರ್ಡಿನ ಗುಂಡಿ ಒತ್ತಿದ ಮೇಲೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಆದರೂ ಒಂದು ಪೂರಿಯಾ ರಾಗದ ನಟ್ಟನಡುವೆ ನಮ್ಮ ಕುಕ್ಕರಿನ ಸೀಟಿ ಸೇರಿಕೊಂಡಿದೆ. ಈಗ ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ ಎನ್ನುವವರಿಗೆ ಆ ಪೂರಿಯಾ ಎಲ್ಲಿ ಸಿಗಬೇಕು?

ನಾನು ಅಕ್ಕ ಎಂದು ಕರೆಯುವ ಗೆಳತಿ ನನಗೆ ಸಿಕ್ಕಿದ್ದೂ ಈ ಹುಚ್ಚಿನಿಂದಲೇ. ಅವರು ಸೊರಬದಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದವರು, ನನಗಿಂತ ಹಿರಿಯರು. ತಂಗಿಯ ಮಗಳ ಮದುವೆಗೆ ಜವಳಿ ತೆಗೆಯಲು ಅಂಗಡಿಗೆ ಬಂದಿದ್ದರು. ಗಲ್ಲಾದ ಪಕ್ಕ ನಾನು ಸಣ್ಣಗೆ ಹಾಕಿಟ್ಟಿದ್ದ ಆಲಾಪ ಮುಗಿಯುವವರೆಗೂ ಅವರು ಕೈಯಲ್ಲಿ ಸೀರೆ ಹಿಡಿದುಕೊಂಡು ನಿಂತೇ ಇದ್ದರು. ಆಮೇಲೆ, ತಮ್ಮದು ಕರ್ನಾಟಕ ಸಂಗೀತ, ಇದು ತಮ್ಮದಲ್ಲ, ಆದರೂ ಕದಲುವ ಮನಸ್ಸಾಗಲಿಲ್ಲ ಅಂದರು. ಅಂದಿನಿಂದ ಭಾನುವಾರ ಅಂದರೆ ನನಗೆ ಸೊರಬದ ಬಸ್ಸು. ನನ್ನದೊಂದು ಕ್ಯಾಸೆಟ್, ಅವರದೊಂದು. ಒಂದು ಮಗ್ಗುಲು ಮುಗಿಯುವ ತನಕ ಇಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಮುಗಿದ ಮೇಲೆ ಜಗಳ.

ಶಿವಮೊಗ್ಗದ ಡಾಕ್ಟರು ಪರೀಕ್ಷೆ ಮಾಡಿ, ನರ ಸೋತಿದೆ ಅಂದರು. ಬಲಗಿವಿ ಹೋಯಿತೆಂದೇ ತಿಳಿಯಬೇಕು, ಎಡಗಿವಿಗೆ ಮಷೀನು ಹಾಕಿಸಿದರೆ ಕೆಲಸ ನಡೆಯುತ್ತದೆ. ಹಾಕಿಸಿದೆ. ಗಿರಾಕಿಗಳ ಮಾತು ಸರಿಯಾಗಿ ಕೇಳಿಸಿತು. ಬಸ್ಸಿನ ಹಾರ್ನು, ನಲ್ಲಿಯ ನೀರು, ಪಕ್ಕದ ಮನೆಯ ಒಗ್ಗರಣೆ, ಎಲ್ಲ ಬಂತು. ಮನೆಗೆ ಬಂದು ಕ್ಯಾಸೆಟ್ ಹಾಕಿದೆ. ತಗಡಿನ ಮೇಲೆ ಕಬ್ಬಿಣ ಎಳೆದ ಹಾಗೆ ಕೇಳಿಸಿತು. ಆರಿಸಿ, ಮಷೀನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟೆ. ಅಳು ಬರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಭಾನುವಾರ ಸೊರಬಕ್ಕೆ ಹೋಗುವುದನ್ನು ನಿಲ್ಲಿಸಿದೆ. ಅಕ್ಕ ಫೋನ್ ಮಾಡಿದರೆ ಅಂಗಡಿಯಲ್ಲಿ ಕೆಲಸ ಅನ್ನುತ್ತಿದ್ದೆ. ಶಿವಮೊಗ್ಗದ ಒಂದು ಸಂಗೀತ ಪಾಠಶಾಲೆಯವರಿಗೆ ಎಲ್ಲ ಕ್ಯಾಸೆಟ್ ಕೊಟ್ಟುಬಿಡುತ್ತೇನೆಂದು ಹೇಳಿ, ಸೀರೆ ಬರುವ ರಟ್ಟಿನ ಡಬ್ಬಿಗಳಲ್ಲಿ ತುಂಬತೊಡಗಿದೆ. ಮನೆಯವರು ಬೇಡ ಅನ್ನಲಿಲ್ಲ, ತುಂಬಲಿಕ್ಕೆ ಕೈಯನ್ನೂ ಹಚ್ಚಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಅಕ್ಕ ಹೇಳದೆ ಕೇಳದೆ ಬಂದರು. ಮನೆಯವರೇ ವಿಷಯ ತಿಳಿಸಿದ್ದರೆಂದು ಆಮೇಲೆ ಗೊತ್ತಾಯಿತು. ಡಬ್ಬಿಗಳನ್ನು ನೋಡಿದರು, ಕೊಟ್ಟ ಟೀ ಕುಡಿದರು, ನನ್ನ ಕಥೆಯನ್ನೆಲ್ಲ ಕೇಳಿದರು. ಸಮಾಧಾನದ ಒಂದು ಮಾತೂ ಆಡಲಿಲ್ಲ.

"ಕೊಡೋದಾದ್ರೆ ಕೊಡು" ಅಂದರು. "ಆದ್ರೆ ಇನ್ನು ಕೇಳ್ಸೋದೇ ಇಲ್ಲ ಅಂತ ಗೊತ್ತಾಗೋವಷ್ಟು ಕೇಳಿದ್ಯನೇ ನೀನು?"

ಕೇಳಿರಲಿಲ್ಲ. ಒಂದೇ ಸಂಜೆ, ಅದೂ ಅರ್ಧ ಹಾಡು.

ಒಂದನೇ ತರಗತಿಯ ಮಕ್ಕಳು ವರ್ಷವಿಡೀ ಅ ಆ ತಿದ್ದುತ್ತಾರೆ, ಬರಲಿಲ್ಲವೆಂದು ಯಾರೂ ಪುಸ್ತಕ ದಾನ ಮಾಡುವುದಿಲ್ಲ ಎಂದು ಹೇಳಿ ಅವರು ಸಂಜೆಯ ಬಸ್ಸಿಗೆ ಹೋದರು. ಆ ಮಾತು ನನಗೆ ಚುಚ್ಚಿತು. ಅಂದೇ ಡಬ್ಬಿಗಳನ್ನೆಲ್ಲ ಖಾಲಿ ಮಾಡಿ ಕ್ಯಾಸೆಟ್ಟುಗಳನ್ನು ಕಪಾಟಿಗೆ ಮರಳಿಸಿದೆ. ಪಾಠಶಾಲೆಗೆ ಫೋನ್ ಮಾಡಿ, ಬೇಕಾದರೆ ನಕಲು ಮಾಡಿಕೊಳ್ಳಿ, ಕೊಡುವುದಿಲ್ಲ ಅಂದೆ.

ಮರುದಿನದಿಂದ ಅಂಗಡಿ ಬಾಗಿಲು ತೆಗೆಯುವ ಮುಂಚೆ ಕೂರತೊಡಗಿದೆ. ಮೊದಲು ಬರೀ ತಂಬೂರಿ. ಆಮೇಲೆ ಭೂಪ ರಾಗ, ಐದೇ ಸ್ವರ, ನಿಧಾನದ ಗಾಯನ. ಬಾಯಿಪಾಠವಾಗಿದ್ದ ಕ್ಯಾಸೆಟ್ಟನ್ನೇ ಆರಿಸಿಕೊಂಡೆ. ತಂಬೂರಿ ಒಂದು ಕ್ಷಣ ಕೇಳಿಸಿ ಮಾಯವಾಗುತ್ತಿತ್ತು. ಇದು ಕಿವಿಯ ದೋಷವೋ ಮಷೀನಿನದೋ ತಿಳಿಯಬೇಕಿತ್ತು.

ಟೇಪ್‌ರೆಕಾರ್ಡರನ್ನು ಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಮಷೀನು ಹೊಂದಿಸಿಕೊಡುವ ಹುಡುಗಿ ಚಿಕ್ಕವಳು, ಒಳ್ಳೆಯವಳು. ಈ ವಯಸ್ಸಿಗೆ ಮಾತು ಇಷ್ಟು ಕೇಳಿಸುವುದೇ ದೊಡ್ಡದು ಆಂಟಿ ಅಂದಳು. ಮಷೀನು ಮಾಡಿರುವುದೇ ಮಾತಿಗೆ. ಒಂದೇ ಸಮ ಬರುವ ಸದ್ದನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಅಡಗಿಸಿಬಿಡುತ್ತದೆ ಎಂದು ವಿವರಿಸಿದಳು. ಅಂದರೆ ನನ್ನ ತಂಬೂರಿ ಅದಕ್ಕೆ ಫ್ಯಾನು. ಹಾಗಾದರೆ ಆ ಬುದ್ಧಿವಂತಿಕೆಯನ್ನು ಆರಿಸಿಬಿಡಿ ಅಂದೆ. ಹೊರಗಿನ ಗಲಾಟೆಯೆಲ್ಲ ಕೇಳಿಸುತ್ತದೆ ಅಂದಳು. ಕೇಳಿಸಲಿ ಅಂದೆ. ಅವಳು ಕಂಪ್ಯೂಟರಿನಲ್ಲಿ ಏನೇನೋ ಬದಲಿಸುತ್ತಿದ್ದಂತೆ ನಾನು ಅವಳ ಕೋಣೆಯಲ್ಲೇ ಭೂಪ ಹಾಕಿದೆ.

"ಇಲ್ಲಿ. ಮೇಲಿನ ಸಾ ಮುಟ್ಟಿದ ಕೂಡಲೇ ಸೀಳ್ತದೆ ನೋಡ್ರಿ. ಇದನ್ನ ಕಮ್ಮಿ ಮಾಡ್ರಿ."

ಕಮ್ಮಿ ಮಾಡಿದಳು. ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಹೊರಗೆ ಕಾದಿದ್ದವರು ಬಾಗಿಲಲ್ಲಿ ಇಣುಕಿದರು. ಅವಳು ಸಂಗೀತಕ್ಕೆಂದೇ ಬೇರೆ ವ್ಯವಸ್ಥೆ ಮಾಡಿ, ಅದಕ್ಕೆ ಬದಲಾಯಿಸಲು ಗುಂಡಿ ತೋರಿಸಿಕೊಟ್ಟಳು. ಮನೆಯಲ್ಲಿ ಕೇಳಿ ನೋಡಿ, ಸರಿಯಿಲ್ಲದ ಕಡೆ ಗುರುತಿಟ್ಟುಕೊಂಡು ಮತ್ತೆ ಹೋದೆ. ಎಷ್ಟೋ ಸಲ ಹೋದೆ. ಕೊನೆಕೊನೆಗೆ ಅವಳೇ, ಇವತ್ತು ಯಾವ ರಾಗ ತಂದಿದ್ದೀರಿ ಎಂದು ಕೇಳುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಭೂಪದ ಗಾಂಧಾರ ಸ್ವರ ತನ್ನ ಜಾಗದಲ್ಲಿ ನಿಂತಿತು. ತಂಬೂರಿ ತೆಳ್ಳಗೆ, ಆದರೆ ಕೊನೆಯವರೆಗೂ ಜೊತೆಗಿತ್ತು. ಸಂತೋಷದ ಜೊತೆಗೇ ಒಂದು ಅನುಮಾನ ಹುಟ್ಟಿತು. ನಾನು ನಿಜವಾಗಿ ಕೇಳುತ್ತಿದ್ದೇನೋ, ಬಾಯಿಪಾಠವಾಗಿದ್ದು ತಲೆಯೊಳಗೆ ತಾನಾಗಿಯೇ ಹಾಡಿಕೊಳ್ಳುತ್ತಿದೆಯೋ?

ಅದನ್ನು ಅಕ್ಕನಿಗೆ ಹೇಳಿದೆ. ಮುಂದಿನ ಭಾನುವಾರ ಸೊರಬಕ್ಕೆ ಹೋದಾಗ ಅವರು ಒಂದು ಕ್ಯಾಸೆಟ್ ತೆಗೆದಿಟ್ಟಿದ್ದರು. ಧಾರವಾಡದಲ್ಲಿದ್ದ ಅವರ ಅಣ್ಣ ಎಂದೋ ರೇಡಿಯೊದಿಂದ ತುಂಬಿಕೊಂಡದ್ದು. ಮೇಲೆ ಹೆಸರಿಲ್ಲ, ಊರಿಲ್ಲ. ನಾನು ಒಮ್ಮೆಯೂ ಕೇಳದ ಧ್ವನಿ. ಹಾಕಿದ ತುಸು ಹೊತ್ತಿಗೇ ಭೂಪ ಅಂದೆ. ಹೇಳಿದ ಮೇಲೆ ಯಾಕೋ ಒಪ್ಪಿಗೆಯಾಗಲಿಲ್ಲ. ಸ್ವರಗಳು ಅವೇ ಐದು. ಆದರೆ ಗಾಯಕರು ಭೂಪದಲ್ಲಿಯಂತೆ ಗಾಂಧಾರದಲ್ಲಿ ನಿಲ್ಲುತ್ತಿಲ್ಲ, ಸುತ್ತಿ ಸುತ್ತಿ ಧೈವತಕ್ಕೇ ಬಂದು ಕೂರುತ್ತಿದ್ದಾರೆ. ಮೊದಲಿನಿಂದ ಹಾಕಿ ಎಂದು ಕೇಳಿಕೊಂಡೆ. ಕಣ್ಣು ಮುಚ್ಚಿ ಎಡಗಿವಿಯನ್ನು ಆ ಕಡೆ ತಿರುಗಿಸಿ ಕುಳಿತೆ.

"ಭೂಪ ಅಲ್ಲಕ್ಕಾ. ದೇಶಕಾರ" ಅಂದೆ.

"ನಮ್ಮ ಕರ್ನಾಟಕ ಸಂಗೀತದೋರಿಗೆ ಎರಡೂ ಮೋಹನವೇ ಮಾರಾಯ್ತಿ" ಅಂದರು ಅಕ್ಕ. ನಾನು ಸರಿಯೋ ತಪ್ಪೋ ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಹಾಡು ಮುಗಿಯಿತು. ಟೇಪು ಸ್ವಲ್ಪ ದೂರ ಕರಕರ ಅನ್ನುತ್ತ ಓಡಿದ ಮೇಲೆ, ಅದರಲ್ಲೇ ಸೇರಿಕೊಂಡಿದ್ದ ರೇಡಿಯೊದ ಹೆಣ್ಣುಮಗಳೊಬ್ಬರು ಈಗ ಕೇಳಿದ್ದು ದೇಶಕಾರ ರಾಗ ಎಂದು ಹೇಳಿದರು. ಅಕ್ಕ ನನ್ನ ಮುಖ ನೋಡಿದರು. ಬಿಳಿ ಕಾಗದದ ತುಂಡು, ಗೋಂದು, ಪೆನ್ನು ತಂದು ನನ್ನ ಮುಂದಿಟ್ಟರು. ಆ ಕ್ಯಾಸೆಟ್ಟಿನ ಮೇಲೆ ರಾಗದ ಹೆಸರನ್ನು ದಪ್ಪ ಅಕ್ಷರದಲ್ಲಿ ನಾನೇ ಬರೆದೆ.

ಮೊದಲಿನ ಕಿವಿ ಬಂದಿಲ್ಲ, ಬರುವುದೂ ಇಲ್ಲ. ಗಾಯನ ವೇಗದ ದ್ರುತಕ್ಕೆ ಏರಿದರೆ ತಬಲಾ ಕಲಸಿಹೋಗುತ್ತದೆ. ಸಾರಂಗಿಯಂತೂ ಇನ್ನೂ ಕೆರೆಯುತ್ತದೆ. ಈಗ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಸಾರಂಗಿಯ ಕ್ಯಾಸೆಟ್ಟನ್ನೇ ಹಾಕಿಕೊಂಡು ಕೂರುತ್ತಿದ್ದೇನೆ.