ಕೆಳಪಟ್ಟಿ ಕತ್ತರಿಸಿದ ಬಾಗಿಲು

ಕೋವಿಡ್ ಮುಗಿದ ಮರುವರ್ಷದ ಮಾತು. ತಿಪಟೂರಿನ ನನ್ನ ಫ್ಯಾಬ್ರಿಕೇಶನ್ ವರ್ಕ್‌ಶಾಪ್‌ಗೆ ಆಗ ಇಪ್ಪತ್ತಾರು ವರ್ಷ. ಟ್ರ್ಯಾಕ್ಟರ್ ಟ್ರೈಲರ್, ಗೇಟು, ಕೊಬ್ಬರಿ ಗೋದಾಮಿನ ಬಾಗಿಲು, ಇವೇ ನನ್ನ ಕಸುಬು. ಬಾಗಿಲಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಬೇರೆ.

ನೊಣವಿನಕೆರೆ ಕಡೆಯ ತೋಟದವರಾದ ಶಿವಣ್ಣ ಒಂದು ದಿನ ಬಂದರು. ಅವರ ಹೆಂಡತಿ ಗೌರಮ್ಮನವರಿಗೆ ನರಗಳ ಕಾಯಿಲೆ. ಕಾಲು ಆಗಲೇ ಹೋಗಿತ್ತು, ಕೈ ಸೋಲುತ್ತಿತ್ತು. ಆಕೆ ಸಮುದ್ರ ನೋಡಿರಲಿಲ್ಲ. ಕಾರಿನಲ್ಲಿ ಹೆಚ್ಚು ಹೊತ್ತು ಕೂರಲಾರರು, ದೂರವಾದರೆ ಮಲಗಿಯೇ ಹೋಗಬೇಕು. ಅದಕ್ಕಾಗಿ ಪಿಕಪ್‌ನ ಹಿಂದೆ ಎಳೆದೊಯ್ಯುವ ಕ್ಯಾಂಪರ್ ಟ್ರೈಲರ್, ಅಂದರೆ ಚಕ್ರದ ಮೇಲಿನ ಪುಟ್ಟ ಕೋಣೆ ಬೇಕಿತ್ತು.

"ಡಾಕ್ಟ್ರು ಒಂದ್ ವರ್ಷ ಅಂದವ್ರೆ ಕಣಪ್ಪ. ಬೇಗ ಮಾಡ್ಕೊಡು," ಅಂದರು.

ವೀಲ್‌ಚೇರ್ ಅಳೆದೆ: ಇಪ್ಪತ್ತೈದು ಇಂಚು. ಬೆರಳಿಗೆ, ಪ್ಲೈವುಡ್‌ಗೆ, ರಬ್ಬರ್ ಬೀಡಿಂಗ್‌ಗೆ ಜಾಗ ಸೇರಿಸಿ ಓಪನಿಂಗ್ ಮೂವತ್ತೆರಡು ಇಟ್ಟೆ. ಅಲ್ಲಿಯವರೆಗೆ ಸರಿ. ಆದರೆ ಬಾಗಿಲ ಬುಡದಲ್ಲಿ ಎರಡಿಂಚಿನ ಕಬ್ಬಿಣದ ಟ್ಯೂಬ್ ಹೊಸ್ತಿಲಿನ ಹಾಗೆ ಅಡ್ಡ ಹಾದಿತ್ತು. ಗಾಲಿಗೆ ತಾಗುತ್ತದೆಂದು ಅದನ್ನು ಗ್ರೈಂಡರ್ ಹಿಡಿದು ಕತ್ತರಿಸಿಬಿಟ್ಟೆ. ಅಳತೆ ನೋಡಲು ಬಂದಿದ್ದ ಗೌರಮ್ಮ, "ಹೊಸ್ತಿಲಿಲ್ದೆ ಬಾಗ್ಲು ಹೆಂಗ್ ನಿಲ್ತದೆ?" ಎಂದರು. "ನಿಂತ್ಕೊಳ್ತದೆ, ಬುಡಿ," ಎಂದು ನಕ್ಕೆ.

ಡಯಾಗನಲ್ ಅಳೆದೆ. ಅಂದರೆ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಎರಡು ಅಳತೆ. ಎರಡೂ ಸಮ ಬಂದರೆ ಚೌಕಟ್ಟು ಸೊಟ್ಟಗಿಲ್ಲ. ಸಮ ಬಂತು. ಅಳೆದದ್ದು ಮಾತ್ರ ಸ್ಟ್ಯಾಂಡ್ ಮೇಲೆ ನಿಂತಿದ್ದ ಖಾಲಿ ಗಾಡಿಯನ್ನು.

ಟ್ರಯಲ್‌ಗೆಂದು ಬೋರನಕಣಿವೆ ಜಲಾಶಯಕ್ಕೆ ಹೊರಟೆವು. ಶಿವಣ್ಣನವರದು ಸ್ಟೇರಿಂಗ್, ಪಕ್ಕದಲ್ಲಿ ನಾನು, ಹಿಂದೆ ಟ್ರೈಲರ್‌ನಲ್ಲಿ ಗೌರಮ್ಮ. ಚಿಕ್ಕನಾಯಕನಹಳ್ಳಿಯಲ್ಲಿ ನಿಲ್ಲಿಸಿದಾಗಲೇ ಬಾಗಿಲು ಬಿಗಿ ಬರುತ್ತಿತ್ತು. ಹೊಸ ರಬ್ಬರ್ ಇರಬೇಕೆಂದು ಗುದ್ದಿ ಮುಚ್ಚಿದೆ. ಹುಳಿಯಾರು ದಾಟಿ ಗುಂಡಿಬಿದ್ದ ರಸ್ತೆ ಮುಗಿಸಿ ಜಲಾಶಯದ ಬಳಿ ಇಳಿದರೆ ಬಾಗಿಲು ತೆಗೆಯಲೇ ಆಗಲಿಲ್ಲ. ಬುಡದ ಟ್ಯೂಬ್ ಇಲ್ಲದೆ ಗಾಡಿಯ ನೆಲ ಕುಸಿದು, ಚೌಕಟ್ಟು ಮುಕ್ಕಾಲಿಂಚು ಸೊಟ್ಟಗಾಗಿ ಬಾಗಿಲನ್ನು ಕಚ್ಚಿ ಹಿಡಿದಿತ್ತು.

ಮಟಮಟ ಮಧ್ಯಾಹ್ನ. ತಗಡಿನ ಮೈ ಮುಟ್ಟಲಾಗುತ್ತಿರಲಿಲ್ಲ. ಒಳಗಿನಿಂದ, "ತೆಗೀರಿ, ಉಸಿರು ಕಟ್ತದೆ," ಎಂಬ ದನಿ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಹಾರೆ ಹಾಕಿ ಮೀಟಿ ಹಿಂಜ್ ಮುರಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಗೌರಮ್ಮನವರಿಗೆ ಎಚ್ಚರವಿತ್ತು. ಭಯಕ್ಕೆ ಸೀರೆ ಒದ್ದೆಯಾಗಿತ್ತು. ಅದನ್ನು ನಾನು ನೋಡಿದೆನಲ್ಲ ಎಂದು ಆಕೆ ಮುಖ ತಿರುಗಿಸಿಕೊಂಡರು. ಅವತ್ತು ನನಗಾದಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ತಿಂಗಳೊಳಗೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಬುಡದಲ್ಲಿ ಅಖಂಡ ಟ್ಯೂಬ್, ಬಾಗಿಲ ಎರಡೂ ಕಂಬ ಗಾಡಿಯ ಅಡಿಕಟ್ಟಾದ ಚಾಸಿಗೆ ವೆಲ್ಡ್, ಗಾಲಿ ಹತ್ತಲು ರ‍್ಯಾಂಪ್. ತೆಂಗಿನಕಾಯಿ ಮೂಟೆ ತುಂಬಿ ತುರುವೇಕೆರೆಗೆ ಹೋಗಿಬಂದು ಅಳೆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವರ ಅಂಗಳಕ್ಕೆ ಒಯ್ದು ನಿಲ್ಲಿಸಿ, ತೆಗೆದು ಮುಚ್ಚಿ ತೋರಿಸಿದೆ.

ಗೌರಮ್ಮ ತುಂಬಾ ಹೊತ್ತು ನೋಡಿದರು. "ಬಾಗ್ಲು ಚೆನ್ನಾಗೈತೆ ಕಣಪ್ಪ. ನಾನ್ ಬರಾಕಿಲ್ಲ," ಎಂದರು.

ಶಿವಣ್ಣ ಒತ್ತಾಯ ಮಾಡಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಡಾಕ್ಟರು ಹೇಳಿದ ವರ್ಷವನ್ನೂ ಆಕೆ ದಾಟಲಿಲ್ಲ. ಸಮುದ್ರ ನೋಡಲೇ ಇಲ್ಲ.

ಮನೆಯಲ್ಲಿ ಗೋಡೆ ಬಾಗಿಲನ್ನು ಹಿಡಿದಿರುತ್ತದೆ. ಗಾಡಿಯಲ್ಲಿ ಬಾಗಿಲ ಚೌಕಟ್ಟೇ ಗೋಡೆಯನ್ನು ಹಿಡಿಯಬೇಕು. ಇಷ್ಟನ್ನು ಯಾರು ಬೇಕಾದರೂ ಕಲಿಸಬಹುದಿತ್ತು. ಈಗ ಯಾವ ಗಾಡಿಗೆ ಬಾಗಿಲು ಕೂರಿಸಿದರೂ, ಹೊರಗಿನಿಂದ ಚಿಲಕ ಹಾಕಿಸಿಕೊಂಡು ಮೊದಲು ನಾನೇ ಒಳಗೆ ಕೂತು ಹತ್ತು ಮೈಲಿ ಹೋಗಿಬರುತ್ತೇನೆ. ಗೌರಮ್ಮನವರಿಗಿಂತ ಮುಂಚೆ ಒಂದೇ ಒಂದು ಸಲ ನಾನು ಹಾಗೆ ಕೂತಿದ್ದರೆ ಸಾಕಿತ್ತು.