ಟಿಪ್ಪರ್ ಹೋಗದ ಗಲ್ಲಿಗೆ ಖುರ್ಷಿದಬೇಗಂ ಗಾಡಿ

ಬೆಳಗಿನ ಐದೂವರೆಗೆ ಇನ್ನೂ ಹತ್ತು ನಿಮಿಷವಿದೆ. ಶಹಾಬಾದ್ ಸೀಮೆಯ ಈ ಸಣ್ಣ ಪಟ್ಟಣದ ಫರ್ಸಿ ಗಲ್ಲಿಯಲ್ಲಿ ತಳ್ಳುಗಾಡಿಯೊಂದು ಹಾಸುಗಲ್ಲಿನ ಸಂದಿಗೊಮ್ಮೆ ಲಟಕ್ಕೆನ್ನುತ್ತ ಬರುತ್ತದೆ. ತಳ್ಳುತ್ತಿರುವವರು ಪುರಸಭೆಯ ಪೌರಕಾರ್ಮಿಕೆ ಖುರ್ಷಿದಬೇಗಂ, ವಯಸ್ಸು ಐವತ್ತನಾಲ್ಕು. ಗಾಡಿಯಲ್ಲಿ ಎರಡು ಡ್ರಮ್ಮು: ಹಸಿ ಕಸಕ್ಕೊಂದು, ಒಣ ಕಸಕ್ಕೊಂದು. ಹಿಡಿಕೆಗೆ ಕೊಕ್ಕೆಯೊಂದಿದೆ, ಅದು ಕಸಕ್ಕಲ್ಲ, ತಂಗಳ ರೊಟ್ಟಿಗೆ.

ಈ ಗಲ್ಲಿಯಲ್ಲಿ ಯಾರೂ ರೊಟ್ಟಿಯನ್ನು ಕಸಕ್ಕೆ ಹಾಕುವುದಿಲ್ಲ. ಉಳಿದ ತುಣುಕನ್ನು ಚೀಲಕ್ಕೆ ತುಂಬಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಾರೆ. ಅವನ್ನೆಲ್ಲ ಇಳಿಸಿಕೊಂಡು ಖುರ್ಷಿದಬೇಗಂ ಗಲ್ಲಿಯ ಕೊನೆಗೆ ಎಮ್ಮೆ ಕಟ್ಟಿರುವ ವಿಮಲಾಬಾಯಿಗೆ ಮುಟ್ಟಿಸುತ್ತಾರೆ.

“ಇವತ್ತ ಚೀಲ ಹಗುರ ಅದಲ್ಲ ಖುರ್ಷಿದಬೀ, ದಾರ್ಯಾಗ ನೀನೇ ತಿಂದ್ಯೇನ?” ವಿಮಲಾಬಾಯಿ ಕೆಣಕುತ್ತಾರೆ.

“ನಿನ್ನ ಎಮ್ಮಿ ಬಾಗಲಾಗ ಹಿಡಿಯೊಲ್ದು. ಅದಕ್ಕೇ ಕಮ್ಮಿ ತಂದೀನಿ, ತಗೋ.”

ಮಳೆಗಾಲಕ್ಕೆ ಮುಂಚೆ ಪುರಸಭೆ ಠರಾವು ಮಾಡಿತು: ಊರಿಗೆಲ್ಲ ಕಸ ಒಯ್ಯುವ ಟಿಪ್ಪರ್, ತಳ್ಳುಗಾಡಿ ಬಂದ್. ಖುರ್ಷಿದಬೇಗಂ ಅವರನ್ನು ದೊಡ್ಡ ರಸ್ತೆ ಗುಡಿಸಲು ಹಾಕಿದರು. ಆದರೆ ಗಲ್ಲಿಯ ಅಗಲ ಐದೇ ಅಡಿ. ಟಿಪ್ಪರ್ ಗಲ್ಲಿಯ ಬಾಯಿಗೆ ಬಂದು ಹಾಡು ಹಾಕಿ ನಾಲ್ಕು ನಿಮಿಷ ನಿಲ್ಲುವುದು, ಹೋಗುವುದು. ಹಂಚಿನ ಮೇಲೆ ರೊಟ್ಟಿ ಬಿಟ್ಟು ಯಾರು ಓಡಿಯಾರು? ಓಡಿದವರ ರೊಟ್ಟಿ ಚೀಲವನ್ನೂ ಟಿಪ್ಪರಿನವರು ಕಸದ ಮೇಲೇ ಎಸೆದರು. ಅದನ್ನು ನೋಡಿ ಹೆಂಗಸರು ಚೀಲ ಕೊಡದೆ ವಾಪಸು ತಂದು ಮೊಳೆಗೆ ಹಾಕಿದರು. ಬೂಸಲು ಹಿಡಿಯಿತು, ನಾಯಿಗಳು ಬಂದವು. ಉಳಿದ ಕಸ ಮೋರಿ ಸೇರಿತು. ಇಪ್ಪತ್ತು ದಿನಕ್ಕೆ ಮೋರಿ ಕಟ್ಟಿ ಹೊಲಸು ನೀರು ಹೊಸ್ತಿಲು ಮುಟ್ಟಿತು.

ಮರುದಿನ ಖುರ್ಷಿದಬೇಗಂ ಗುಜರಿಗೆ ಬಿದ್ದಿದ್ದ ಗಾಡಿಯನ್ನು ಎಬ್ಬಿಸಿಕೊಂಡು ಬಂದರು. ಏಳಕ್ಕೆ ರಸ್ತೆಯಲ್ಲಿ ಹಾಜರಿ. ಅದಕ್ಕೂ ಮುಂಚೆ ಅರವತ್ತೆರಡು ಮನೆ ಮುಗಿಯಬೇಕು. ಈಗ ಮೂರು ತಿಂಗಳಾಯಿತು, ಒಂದು ದಿನವೂ ತಪ್ಪಿಲ್ಲ.

“ಯಾರ ಹೇಳ್ಯಾರ ನಿನಗ ಅಂತ ಪುರಸಭಿ ಸಾಹೇಬ್ರು ಕೇಳಿದ್ರು. ಯಾರ ಹೇಳಬೇಕ್ರಿ, ಮೋರಿ ಕಾಣಸ್ಲಾಕತ್ತದಲ್ಲ ಅಂದೆ,” ಎನ್ನುತ್ತಾರೆ. ಮಾತಾಡುತ್ತಲೇ ಹಸಿ ಡ್ರಮ್ಮಿಗೆ ಬಿದ್ದ ಹಾಲಿನ ಪಾಕೀಟನ್ನು ಆರಿಸಿ ಒಣ ಡ್ರಮ್ಮಿಗೆ ಹಾಕುತ್ತಾರೆ. ಮೊಣಕಾಲು ಹಿಡಿದರೆ ಗೋಡೆಗೆ ಆತು ಒಂದು ಗಳಿಗೆ ನಿಲ್ಲುತ್ತಾರೆ, ಕೂರುವುದಿಲ್ಲ.

ಮಂಗಳವಾರ ಪುರಸಭೆಯ ಸಭೆ. ಗಲ್ಲಿಗೆ ಗಾಡಿ ಉಳಿಯುವುದೋ, ಹರಾಜಿಗೆ ಹೋಗುವುದೋ ಅಲ್ಲಿ ತೀರ್ಮಾನ. ವಾರ್ಡಿನ ಸದಸ್ಯ ರೇವಣಪ್ಪನವರಿಗೆ ಇನ್ನೂ ಅನುಮಾನ: “ಒಂದ್ ಗಲ್ಲಿಗಿ ಕೊಟ್ರ ಎಲ್ಲಾ ಗಲ್ಲಿಯವ್ರೂ ಕೇಳ್ತಾರ ಬೇಗಂ.”

“ಕೇಳಲಿ ಬಿಡ್ರಿ. ಕಸ ಎಲ್ಲಾರ ಮನ್ಯಾಗೂ ಆಗ್ತದ.”

ಸಭೆಗೆ ಕೊಡಲು ಗಲ್ಲಿಯ ಸೊಸೆ ಭಾಗ್ಯಜ್ಯೋತಿ ಅರ್ಜಿ ಬರೆದಿದ್ದಾಳೆ. ಐವತ್ತೆಂಟು ಮನೆಯವರ ಸಹಿ ಬಿದ್ದಿದೆ. ಗಾಡಿ ತಡೆದು ಓದಿ ಹೇಳುತ್ತಾಳೆ: “ಖುರ್ಷಿದಬೇಗಂ ಅವರನ್ನೇ ನಮ್ಮ ಗಲ್ಲಿಗೆ ಮುಂದುವರಿಸಬೇಕು...”

ಖುರ್ಷಿದಬೇಗಂ ಕೈ ಅಡ್ಡ ಹಿಡಿಯುತ್ತಾರೆ.

“ನನ್ನ ಹೆಸರ ಹೊಡದ್ ಹಾಕ್, ಬೇಟಿ. ನಂದು ಇನ್ನ ಆರ್ ವರ್ಷದ ನೌಕರಿ. ಗಲ್ಲಿ ಹೆಸರ ಬರಿ. ನಾ ಮನ್ಯಾಗ ಕುಂತ ಮ್ಯಾಲೂ ಗಾಡಿ ಬರಬೇಕು.”